ದೂರು ಬಂದಾಗ ಹೆಸರು ಹೇಳಬೇಕೆ?

ಲೇಖನಿ ಹಿಡಿಯುವ ಮುನ್ನ ನಾವು ಮುಂಬಯಿಯಲ್ಲಿ ಹೋಟೆಲು ನಡೆಸುತ್ತಿದ್ದುದನ್ನು ವಾಚಕರು ಬಲ್ಲರು. ಆ ದಿನಗಳಲ್ಲೊಮ್ಮೆ, ನಮಗೆ ಇಂಟರ್ನೆಟ್ ಒದಗಿಸುತ್ತಿದ್ದ ಕಂಪನಿಯಿಂದ ಸೂಚನೆಯೊಂದು ಬಂದಿತು. ನಮ್ಮ ಸಂಪರ್ಕದಿಂದ ಅಪರಿಚಿತರಿಗೆ ಸ್ಪ್ಯಾಮ್ ಎಂಬ ಬೇಡದ ಇ-ಮೇಲುಗಳು ರಾಶಿಗಟ್ಟಲೆ ಹೋಗುತ್ತಿವೆಯೆಂದೂ, ನಿಲ್ಲಿಸದಿದ್ದರೆ ಸಂಪರ್ಕವನ್ನು ಕಡಿಯಬೇಕಾದೀತೆಂದೂ ಅದರ ಒಕ್ಕಣೆ. ನಮ್ಮ ಸಂಶಯವು, ಬಾಗಿಲು ಹಾಕಿದ ಮೇಲೆ ಮೊಬೈಲು ಹಿಡಿದು ಕೂರುತ್ತಿದ್ದ ಮಾಣಿಯೊಬ್ಬನ ಮೇಲೆ ಹೋಯಿತು. ಅವನ ಲೆಕ್ಕ ಚುಕ್ತ ಮಾಡಿ ಊರಿಗೆ ಕಳುಹಿಸುವುದರಲ್ಲಿದ್ದೆವು. ಅಷ್ಟರಲ್ಲಿ ರಿಪೇರಿಯವನು ಬಂದು ಪರೀಕ್ಷಿಸಲಾಗಿ, ದೋಷವಿದ್ದುದು ನಮ್ಮದೇ ಗಲ್ಲೆಯ ಕಂಪ್ಯೂಟರಿನಲ್ಲಿ! ವೈರಸ್ಸು ಹೊಕ್ಕು, ನಮಗರಿವಿಲ್ಲದಂತೆ ಅದೇ ಪತ್ರಗಳನ್ನು ರವಾನಿಸುತ್ತಿದ್ದಿತು. ಆ ಹುಡುಗನ ಮುಖ ನೋಡಲು ನಮಗೆ ಅನೇಕ ದಿವಸ ನಾಚಿಕೆಯಾಯಿತು.

ಆಗ ಕಂಪನಿಯವರು ನಡೆದುಕೊಂಡ ರೀತಿ ವಿಚಾರಾರ್ಹವಾಗಿದೆ. ದೂರಿತ್ತವರಿಗೆ ಅವರು ನಮ್ಮ ಹೆಸರನ್ನು ತಿಳಿಸಲಿಲ್ಲ. ದೂರನ್ನು ಕಸದ ಬುಟ್ಟಿಗೂ ಹಾಕಲಿಲ್ಲ. ನಮಗೆ ತಲುಪಿಸಿ, ದೋಷವನ್ನು ಸರಿಪಡಿಸಲು ಅವಕಾಶವಿತ್ತರು. ಲಾಡ್ಜು ನಡೆಸಿದವರಿಗೆ ಈ ಧರ್ಮ ಹೊಸತಲ್ಲ. ಹನ್ನೆರಡನೆಯ ಕೋಣೆಯಲ್ಲಿ ಗದ್ದಲವೆಂದು ನೆರೆಯವರು ದೂರಿದರೆ ನಾವೇ ಹೋಗಿ ಬಾಗಿಲು ತಟ್ಟುತ್ತೇವೆಯೇ ಹೊರತು, ದೂರಿದವರ ಕೈಗೆ ರಿಜಿಸ್ಟರು ಕೊಡುವುದಿಲ್ಲ.

ಜಾಲದಲ್ಲಿ ದೂರುಗಾರನಿಗೆ ಕಾಣುವುದು ಐ.ಪಿ. ಸಂಖ್ಯೆ ಮಾತ್ರ, ಅದರ ಹಿಂದಿನ ಗಿರಾಕಿ ಯಾರೆಂಬುದು ಕಂಪನಿಯ ದಫ್ತರದಲ್ಲಿರುತ್ತದೆ. ಇಂತಹ ದೂರುಗಳಿಗೆಂದೇ 'ಅಬ್ಯೂಸ್' ಎಂಬ ಹೆಸರಿನ ಅಂಚೆಪೆಟ್ಟಿಗೆಯಿರಬೇಕೆಂಬ ಪದ್ಧತಿಯನ್ನು 1997ರಲ್ಲಿ ಬರೆದಿಡಲಾಯಿತು. ಆದರೆ ಹಳೆಯ ಮಾದರಿಯ ಸಂಖ್ಯೆಗಳು ಸುಮಾರು 430 ಕೋಟಿ ಮಾತ್ರವಿರುವುದರಿಂದ, ಒಂದೇ ಸಂಖ್ಯೆಯನ್ನು ಏಕಕಾಲಕ್ಕೆ ಅನೇಕ ಗಿರಾಕಿಗಳಿಗೆ ಹಂಚುವುದುಂಟು. ವೇಳೆಯನ್ನೂ ಪೋರ್ಟ್ ಸಂಖ್ಯೆಯನ್ನೂ ತಾಳೆ ನೋಡದೆ ಹೆಸರು ಹೇಳಿದರೆ ನಿರಪರಾಧಿ ಸಿಕ್ಕಿಬಿದ್ದಾನು. ಸರಿಯಾಗಿಯೇ ಹೇಳಿದರೂ ಅದು ಬಿಲ್ಲು ಕಟ್ಟುವವನ ಹೆಸರು. ಖೋಲಿಯಲ್ಲಿ ಎಂಟು ಜನರಿದ್ದು ಸಂಪರ್ಕ ಒಬ್ಬನ ಹೆಸರಿನಲ್ಲಿರುವುದು ನಮ್ಮವರಲ್ಲಿ ಸಾಮಾನ್ಯ.

ಅಮೆರಿಕದಲ್ಲಿ ಸಂಗೀತದ ಕಂಪನಿಗಳು, ಹಾಡುಗಳನ್ನು ಅನುಮತಿಯಿಲ್ಲದೆ ಹಂಚಿದರೆಂಬ ಗಿರಾಕಿಗಳ ಹೆಸರನ್ನು, ನ್ಯಾಯಾಧೀಶರ ಪರಿಶೀಲನೆಯಿಲ್ಲದೆಯೇ ವೆರಿಝಾನ್ ಕಂಪನಿಯಿಂದ ಪಡೆಯಲೆತ್ನಿಸಿದವು. ಕೇವಲ ಸಾಗಣೆಯ ಕೆಲಸ ಮಾಡುವ ಕಂಪನಿಯಿಂದ ಹಾಗೆ ಹೆಸರು ಪಡೆಯಲು ಕಾನೂನಿನಲ್ಲಿ ಆಸ್ಪದವಿಲ್ಲವೆಂದು 2003ರ ಡಿಸೆಂಬರಿನಲ್ಲಿ ಅಪೀಲು ನ್ಯಾಯಾಲಯವು ತೀರ್ಪಿತ್ತಿತು. ನಮ್ಮ ದೇಶದಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು.

ಹಾಗೆಂದು ದೂರಿತ್ತವನನ್ನು ಮರೆಯಲಾಗದು. ಮೋಸಹೋಗಿ ತಿಂಗಳ ಸಂಬಳ ಕಳೆದುಕೊಂಡ ಗುಮಾಸ್ತನೂ ನಮ್ಮವನೇ. ಅವನಿಗೆ ನ್ಯಾಯ ದೊರೆಯಬೇಕಾದರೆ ದಾಖಲೆ ಅಳಿದಿರಬಾರದು. 2022ರ ಏಪ್ರಿಲಿನಲ್ಲಿ ಸರ್ಕಾರದ ಸರ್ಟ್-ಇನ್ ಸಂಸ್ಥೆಯು, ಇಂತಹ ದಾಖಲೆಗಳನ್ನು 180 ದಿವಸ ಕಾದಿಡಬೇಕೆಂದು ವಿಧಿಸಿತು. ನೊಂದವನು ತಡಮಾಡದೆ ಪೋಲೀಸರ ಬಳಿಗೆ ಹೋಗಬೇಕಾದುದು ಇದರಿಂದಲೇ.

ನಮ್ಮ ಅಭಿಪ್ರಾಯವಿಷ್ಟೆ: ಕಂಪನಿಯು ಪ್ರತಿ ದೂರನ್ನೂ ಗಿರಾಕಿಗೆ ತಲುಪಿಸಲಿ, ತಿದ್ದಿಕೊಳ್ಳದವನ ಸಂಪರ್ಕವನ್ನು ಕಡಿಯಲಿ, ಹೆಸರನ್ನು ಮಾತ್ರ ಕಾನೂನಿನ ಆಜ್ಞೆ ಬಂದಾಗಲೇ ಕೊಡಲಿ. ಹೋಟೆಲು ಮಾಲಕ ಬಂಧುಗಳಲ್ಲಿಯೂ ನಮ್ಮದೊಂದು ವಿಜ್ಞಾಪನೆ: ಇಂತಹ ಸೂಚನೆ ಬಂದರೆ ಮಾಣಿಯನ್ನು ಗದರಿಸುವ ಮುನ್ನ ಗಲ್ಲೆಯ ಕಂಪ್ಯೂಟರನ್ನು ಪರೀಕ್ಷಿಸಿರಿ.