ಹೆಬ್ಬೆ ಹಳ್ಳದಲ್ಲಿ ಹೋದ 900 ನಂಬರ್

ಪೆರ್ನಾಲ್ ಕಳೆದು ಮೂರನೇ ದಿನ ನಾವೆಲ್ಲ ಎರಡು ಗಾಡಿ ಮಾಡಿಕೊಂಡು ಕೆಮ್ಮಣ್ಣುಗುಂಡಿಗೆ ಹೋಗಿದ್ದೆವು. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆ ಕಳೆಯಲು ಬರುತ್ತಿದ್ದ ಜಾಗ ಅದು, ಅವರ ಹೆಸರಲ್ಲೇ ಕೆ.ಆರ್. ಗಿರಿಧಾಮ ಅಂತಲೂ ಕರೆಯುತ್ತಾರೆ. ಮರುದಿನ ಜೀಪಿನಲ್ಲಿ ಹೆಬ್ಬೆ ಜಲಪಾತದ ಕಡೆ ಇಳಿದೆವು. ಕಡೆಗೆ ಸ್ವಲ್ಪ ದೂರ ನಡೆಯಬೇಕು, ಹಳ್ಳ ದಾಟಬೇಕು. ಉಂಬಳ ಕಚ್ಚಿತೆಂದು ಕಾಕ ಬಗ್ಗಿದ್ದೇ ತಡ, ಶರ್ಟಿನ ಜೇಬಿನ ಫೋನು ನೀರಿಗೆ ಬಿತ್ತು. ಎತ್ತಿದಾಗ ಪ್ರಾಣ ಹೋಗಿತ್ತು.

ನಕ್ಕು ಸುಮ್ಮನಾದೆವು. ನಗು ನಿಂತದ್ದು ರಾತ್ರಿ. ನಮ್ಮ ಜಮಾಅತ್‌ನ ಹಿರಿಯರೊಬ್ಬರು ಊರಲ್ಲಿ ತೀರಿಕೊಂಡರು, ಮನೆಯಲ್ಲಿ ಒಬ್ಬರೇ ಇದ್ದವರು. ಇಬ್ಬರು ಮಕ್ಕಳೂ ಗಲ್ಫಿನಲ್ಲಿ. ತೀರಿಕೊಂಡವರ ಫೋನಿಗೆ ಲಾಕ್. "ಮಕ್ಕಳ ನಂಬರ್ ನಿಮ್ಮ ಕಾಕನ ಹತ್ತಿರ ಉಂಟಲ್ಲ" ಅಂತ ನೆರೆಯವರು ತಮ್ಮನ ಫೋನಿಗೆ ಕರೆ ಮಾಡಿದರು. ಕಾಕ ಜಮಾಅತ್‌ನ ಕಾರ್ಯದರ್ಶಿ, ಸುಮಾರು 900 ನಂಬರ್ ಅವರ ಫೋನಿನಲ್ಲಿತ್ತು. ಬಾಯಿಪಾಠ ಇದ್ದದ್ದು ಮೂರು ಮಾತ್ರ ಮಾರಾಯ್ರೆ, ಅದರಲ್ಲಿ ಒಂದು ಗ್ಯಾಸ್ ಏಜೆನ್ಸಿಯದ್ದು.

ಆ ಗುಡ್ಡದ ಮೇಲೆ ಸಿಗ್ನಲ್ ಹುಡುಕುತ್ತಾ ತಿರುಗಿದೆವು. ದುಬೈಯ ಮಗನಿಗೆ ಯಾರ್ಯಾರ ಮೂಲಕವೋ ನಡುರಾತ್ರಿ ಸುದ್ದಿ ಮುಟ್ಟಿತು. ಜುಬೈಲಿನವನಿಗೆ ತಿಳಿದದ್ದು ದಫನ ಮುಗಿದ ಮೇಲೆ. ವಿಡಿಯೋ ಕಾಲಿನಲ್ಲಾದರೂ ಬಾಪನ ಮುಖ ನೋಡುವ ಅವಕಾಶ ಅವನಿಗೆ ಸಿಗಲಿಲ್ಲ.

ಊರಿಗೆ ಬಂದು ಹೊಸ ಫೋನು ತಂದು, ಹಳೆ ಸಿಮ್ ಒರೆಸಿ ಹಾಕಿ, ಕಾಕನ ಜಿಮೇಲಿನಿಂದ ಲಾಗಿನ್ ಆದೆವು. ಬಂದದ್ದು 214 ಹೆಸರು, ಅದೂ ನಾಲ್ಕು ವರ್ಷ ಹಳೆಯದ್ದು. ಲ್ಯಾಪ್‌ಟಾಪಿನಲ್ಲಿ ಗೂಗಲ್ ಕಾಂಟ್ಯಾಕ್ಟ್ಸ್ ತೆರೆದರೆ ಅಲ್ಲಿ ಬೇರೆಯೇ ಪಟ್ಟಿ! ನೋಡಿದರೆ ಬ್ರೌಸರ್‌ನಲ್ಲಿ ಲಾಗಿನ್ ಆಗಿದ್ದದ್ದು ಕಾಕನ ಮಗನ ಖಾತೆ. ಫೋನು, ಕಂಪ್ಯೂಟರ್ ಒಂದಕ್ಕೊಂದು ತಾಳೆ ಆಗುವುದಿಲ್ಲ ಎನ್ನುವವರು ಮೊದಲು ಮೇಲೆ ಬಲಮೂಲೆಯ ಉರುಟು ಚಿತ್ರ ಒತ್ತಿ, ಎರಡರಲ್ಲೂ ಒಂದೇ ಜಿಮೇಲ್ ಉಂಟಾ ನೋಡಿಕೊಳ್ಳಿ. ಬಹಳ ಮನೆಗಳ ಕತೆ ಅಲ್ಲಿಗೇ ಮುಗಿಯುತ್ತದೆ.

ನಮ್ಮದು ಮುಗಿಯಲಿಲ್ಲ. ತಲೆ ಕೆರೆದುಕೊಂಡಾಗ ಕಾಕನಿಗೆ ನೆನಪಾಯಿತು: ನಾಲ್ಕು ವರ್ಷದ ಹಿಂದೆ ಫೋನು ಕೊಂಡಾಗ ಅಂಗಡಿಯ ಹುಡುಗ ಹೊಸದೊಂದು ಜಿಮೇಲ್ ಮಾಡಿಕೊಟ್ಟಿದ್ದ. ಆಮೇಲೆ ಸೇವ್ ಮಾಡಿದ್ದೆಲ್ಲ ಅದಕ್ಕೇ ಹೋಗುತ್ತಿತ್ತು. ಅದರ ಹೆಸರೂ ಗೊತ್ತಿಲ್ಲ, ಪಾಸ್‌ವರ್ಡೂ ಗೊತ್ತಿಲ್ಲ. ಗೂಗಲ್ ಲಾಗಿನ್ ಪುಟದಲ್ಲಿ 'ಇಮೇಲ್ ಮರೆತಿರಾ' ಅಂತ ಒಂದು ಉಂಟು. ಖಾತೆಗೆ ಜೋಡಿಸಿದ ಮೊಬೈಲ್ ನಂಬರ್ ಮತ್ತು ಖಾತೆಯಲ್ಲಿರುವ ಹೆಸರು ಕೊಟ್ಟರೆ ಅದು ಹುಡುಕಿ ಕೊಡುತ್ತದೆ. ಹುಡುಗ ಹೆಸರನ್ನು ಯಾವ ಸ್ಪೆಲ್ಲಿಂಗಿನಲ್ಲಿ ಹಾಕಿದ್ದನೋ, ಆರನೇ ಸಲಕ್ಕೆ ಸರಿಯಾಯಿತು. ಓಟಿಪಿ ಬಂದದ್ದು ಅದೇ ಹಳೆ ಸಿಮ್ಮಿಗೆ. ಅದು ಬದಲಾಗಿದ್ದರೆ ಅಷ್ಟೇ! ಒಳಗೆ 530 ನಂಬರ್ ಇತ್ತು.

ಉಳಿದ 150 ಸಿಗಲಿಲ್ಲ. ಅವು ಫೋನಿನ ಹೊಟ್ಟೆಯಲ್ಲಿ ಮಾತ್ರ ಇದ್ದವು. ಹೊಸ ನಂಬರ್ ಸೇವ್ ಮಾಡುವಾಗ ಫೋನ್, ಸಿಮ್, ಗೂಗಲ್ ಎಂದು ಕೇಳುತ್ತದಲ್ಲ, ನಾವು ನೋಡದೆ ಒತ್ತುವುದು ಅಲ್ಲೇ. ಹಾಗೆ ಉಳಿದದ್ದನ್ನೂ ಖಾತೆಗೆ ಸೇರಿಸಲು ಫೋನಿನ ಗೂಗಲ್ ಸೆಟ್ಟಿಂಗ್ಸ್‌ನಲ್ಲಿ ಕಾಂಟ್ಯಾಕ್ಟ್ಸ್ ಸಿಂಕ್ ಒಳಗೆ 'ಡಿವೈಸ್ ಕಾಂಟ್ಯಾಕ್ಟ್ಸ್' ಎಂಬುದನ್ನು ಆನ್ ಮಾಡಬೇಕು. ಐಫೋನಿನವರಿಗೆ ಐಕ್ಲೌಡ್‌ನಲ್ಲಿ ಇದೇ ಕೆಲಸ. ಹೋದವುಗಳಲ್ಲಿ ಸುಮಾರನ್ನು ವಾಟ್ಸಾಪ್ ಗ್ರೂಪಿನ ಸದಸ್ಯರ ಪಟ್ಟಿ ನೋಡಿ ಬರೆದುಕೊಂಡೆವು. ಗ್ರೂಪಿನಲ್ಲಿ ದಿನವಿಡೀ ಬರುವ ಗುಡ್ ಮಾರ್ನಿಂಗ್ ಹೂವುಗಳಿಗೆ ಅಂದು ಮೊದಲ ಸಲ ಋಣಿಯಾದೆವು.

ಇನ್ನೊಂದು ಪೆಟ್ಟು ಆಮೇಲೆ. ಒಂದೇ ಹೆಸರು ಎರಡೆರಡು ಸಲ ಬಂದಿದೆಯೆಂದು ಹುಡುಗ ಲ್ಯಾಪ್‌ಟಾಪಿನಲ್ಲಿ ಕುಳಿತು ಅಳಿಸಿದ. ಫೋನಿನಲ್ಲೂ ಹೋಯಿತು! ಸಿಂಕ್ ಎಂದರೆ ಬ್ಯಾಕಪ್ ಅಲ್ಲ, ಕನ್ನಡಿ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಪುಣ್ಯಕ್ಕೆ ಕಂಪ್ಯೂಟರಿನಲ್ಲಿ ಹಲ್ಲುಚಕ್ರದ ಚಿಹ್ನೆ ಒತ್ತಿದರೆ 30 ದಿನದೊಳಗಿನ ಬದಲಾವಣೆಯನ್ನು ಹಿಂದೆ ತಿರುಗಿಸಬಹುದು. ಎರಡಾದ ಹೆಸರಿಗೆ ಅಳಿಸುವುದಲ್ಲ, 'ಮರ್ಜ್' ಮಾಡಬೇಕು.

ಈಗ ಒಂದು ಪ್ರತಿ ವಿಸಿಎಫ್ ಫೈಲಾಗಿ ಪೆನ್ ಡ್ರೈವಿನಲ್ಲಿ ಉಂಟು. ಮೊದಲು ಸಿಎಸ್‌ವಿ ತೆಗೆದಿದ್ದೆವು, ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡದಲ್ಲಿ ಬರೆದ ಹೆಸರೆಲ್ಲ ಕಲಸುಮೇಲೋಗರ ಆಗಿತ್ತು. ಊರಿನ ನಂಬರುಗಳಿಗೂ ಮುಂದೆ +91 ಸೇರಿಸಿದೆವು, ಸೌದಿಗೆ +966, ಎಮಿರೇಟ್ಸ್‌ಗೆ +971. ಪಟ್ಟಿ ಗಲ್ಫಿನಲ್ಲಿರುವವನ ಫೋನಿಗೆ ಹೋದರೂ ಕರೆ ತಾಗಬೇಕಲ್ಲ.

ಜುಬೈಲಿನ ಹುಡುಗನ ನಂಬರ್ ಅಂಗಡಿಯವನ ಖಾತೆಯಲ್ಲೇ ಇತ್ತು, 'ಜುಬೈಲ್ 2' ಅಂತ. ಕಾಕ ಹೊಸ ಫೋನಿನಿಂದ ಮೊದಲು ಕರೆ ಮಾಡಿದ್ದು ಅವನಿಗೇ.