ಕ್ಯಾಮೆರಾಕ್ಕೂ ಬೇಕು ಒಂದು ಕೊಪ್ಪೆ

2021ರ ನವೆಂಬರ್ ನಮ್ಮ ಕೋಲಾರ ಜಿಲ್ಲೆಯವರು ಮರೆಯೋ ತಿಂಗಳಲ್ಲ. ರಾಗಿ ಕೊಯ್ದು ಹೊಲದಲ್ಲಿ ಅರಿ ಹಾಕಿದ್ದೆವು. ಮಳೆ ಹಿಡಿಯಿತು, ಬಿಡಲೇ ಇಲ್ಲ. ಅರಿಯಲ್ಲೇ ತೆನೆ ಮೊಳಕೆ ಬಂತು.

ಎರಡನೇ ದಿನ ಬೆಳಿಗ್ಗೆ ಫೋಟೊ ತೆಗೆಯೋಣ ಅಂತ ಹೊಲಕ್ಕೆ ಹೋದೆ. ತಲೆಗೆ ಕೊಪ್ಪೆ ಇತ್ತು, ಫೋನಿಗೆ ಏನೂ ಇರಲಿಲ್ಲ. ನಾಲ್ಕೈದು ಚಿತ್ರ ತೆಗೆದೆ, ಹೆಗಲ ಮೇಲಿನ ಒದ್ದೆ ಟವಲಿನಲ್ಲೇ ಒರೆಸಿದೆ, ಒದ್ದೆ ಜೇಬಿಗೇ ಹಾಕಿದೆ. ಮನೆಗೆ ಬರೋ ಹೊತ್ತಿಗೆ ಪರದೆ ಮೇಲೆ ಗೀರು ಗೀರು. ತಮ್ಮನ ಮಗ, 'ದೊಡ್ಡಪ್ಪಾ, ಅಕ್ಕಿಯೊಳಗೆ ಹೂತಿಟ್ರೆ ನೀರೆಲ್ಲ ಹೀರ್ಕೊಂಡುಬುಡ್ತದೆ' ಅಂದ. ನಮ್ಮ ಮನೇಲಿ ಅಕ್ಕಿ ಎಷ್ಟಿರತ್ತೆ? ಡ್ರಮ್ಮಿನ ತುಂಬಾ ಇದ್ದದ್ದು ರಾಗಿ. ರಾಗಿಯಲ್ಲೇ ಹೂತೆವು. ಮಾರನೇ ಬೆಳಿಗ್ಗೆ ಚಾರ್ಜಿಗೆ ಹಾಕಿದೆವು. ಫೋನು ಸತ್ತಿತು. ರಿಪೇರಿಯವನು ಬೆಳಕಿಗೆ ಹಿಡಿದು ಸೂಜಿಯಲ್ಲಿ ಚಾರ್ಜಿನ ತೂತಿನಿಂದ ಮೂರು ಕಾಳು ರಾಗಿ ತೆಗೆದ. 'ಏನು ಯಜಮಾನ್ರೇ, ಬಿತ್ತನೆ ಮಾಡಿದ್ರಾ?' ಅಂದ.

ನಗು ಬರೋ ಮಾತೇ. ಆದರೆ ಚಿತ್ರಗಳು ಹೋದವು. ಬೇರೆಯವರ ಫೋನು ಬೇಡಿ ತಂದು ಹೊಲಕ್ಕೆ ಹೋಗೋ ಹೊತ್ತಿಗೆ, ಸಿಕ್ಕಷ್ಟಾದರೂ ಉಳಿಯಲಿ ಅಂತ ಮನೆಯವರು ಅರಿ ಎತ್ತಿ ಬದುವಿಗೆ ಹಾಕಿದ್ದರು. ನೀರಲ್ಲಿ ತೇಲುತ್ತಿದ್ದ ರಾಗಿ ಕಣ್ಣಲ್ಲಿತ್ತು, ತೋರಿಸಲು ಕೈಯಲ್ಲಿ ಏನೂ ಇರಲಿಲ್ಲ.

ಮಲೆನಾಡಿನವರಿಗೆ ಮಳೆಯ ಚಿತ್ರ ತೆಗೆಯಲು ನಾಲ್ಕು ತಿಂಗಳು ಪುರುಸೊತ್ತಿದೆ. ನಮಗೆ ವರ್ಷಕ್ಕೆ ಬೀಳೋದೇ ಸುಮಾರು 750 ಮಿಲಿಮೀಟರ್. ಅದರಲ್ಲೂ ದೊಡ್ಡ ಪಾಲು ಉತ್ತರೆ, ಹಸ್ತ, ಚಿತ್ತೆ ಮಳೆಗಳಲ್ಲಿ. ಚಿತ್ರದಲ್ಲಿ ಹಿಡಿಯಬೇಕಾದ್ದೆಲ್ಲ ಆ ಕೆಲವೇ ದಿನಗಳಲ್ಲಿ ಆಗಿಹೋಗುತ್ತದೆ. ಕೆರೆ ಕೋಡಿ ಬೀಳೋದು, ಬದು ಒಡೆಯೋದು, ಟೊಮೆಟೊ ಸಾಲಿನಲ್ಲಿ ನೀರು ನಿಲ್ಲೋದು, ಏಪ್ರಿಲ್-ಮೇನಲ್ಲಿ ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಆಲಿಕಲ್ಲಿಗೆ ಕಾಯಿ ಉದುರೋದು. ಆಲಿಕಲ್ಲು ಅರ್ಧ ಗಂಟೆಯಲ್ಲಿ ಕರಗಿ ನೀರು. ಮಳೆ ನಿಲ್ಲಲಿ ಆಮೇಲೆ ತೆಗೆಯೋಣ ಅಂದರೆ ಆಮೇಲೆ ಇರೋದು ಕೆಸರು ಮಾತ್ರ.

ಇದು ಶೋಕಿಯ ಮಾತಲ್ಲ. ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲು, ಹೊಲ ಮುಳುಗಡೆಯಂಥ ನಷ್ಟವಾದರೆ 72 ಗಂಟೆಯೊಳಗೆ ತಿಳಿಸಬೇಕು. ಕೊಯ್ದು ಹೊಲದಲ್ಲಿ ಒಣಗಲು ಹಾಕಿದ ಬೆಳೆಗೂ ಕೊಯ್ಲಾದ 14 ದಿನದವರೆಗೆ ಅಕಾಲ ಮಳೆಯ ನಷ್ಟಕ್ಕೆ ಅವಕಾಶ ಉಂಟು. ಅಲ್ಲೂ ಅದೇ 72 ಗಂಟೆ. ಫೋಟೊ ಒಂದರಿಂದಲೇ ಪರಿಹಾರ ಬರೋದಿಲ್ಲ, ಪರಿಶೀಲನೆಗೆ ಬರಲೇಬೇಕು. ಆದರೆ ಅವರು ಬರೋ ಹೊತ್ತಿಗೆ ನೀರು ಬಸಿದಿರುತ್ತದೆ. ಚಿತ್ರವಿದ್ದರೆ ಮಾತಿಗೆ ಬಲ. ಬೆಳೆ ಸಮೀಕ್ಷೆಯೂ 2020ರಿಂದ ರೈತರೇ ಆ್ಯಪಿನಲ್ಲಿ ಮಾಡುವಂತಾಯಿತು. ಮುಂಗಾರಿನ ಸಮೀಕ್ಷೆ ಅಂದರೆ ಹೊಲದಲ್ಲಿ ನಿಂತೇ, ಮಳೆಗಾಲದಲ್ಲೇ ತೆಗೆಯಬೇಕು. ಎಲೆ ರೋಗದ ಚಿತ್ರ ತೆಗೆದು ಟಮಕದ ಕೃಷಿ ವಿಜ್ಞಾನ ಕೇಂದ್ರಕ್ಕೆ ಕಳಿಸಿದರೆ ಮಸೂರದ ಮೇಲಿನ ಒಂದು ಹನಿ ಸಾಕು, ಚುಕ್ಕಿ ಯಾವುದು ಮಚ್ಚೆ ಯಾವುದು ಗೊತ್ತಾಗೋದಿಲ್ಲ.

ಅದಕ್ಕೇ ಆಮೇಲಿನ ಮಳೆಗಾಲಗಳಲ್ಲಿ ಒಂದೊಂದೇ ಪ್ರಯೋಗ ಮಾಡಿದೆ. ಫೋನಿನ ಜೊತೆ ಮಸೂರ ಬದಲಿಸುವ ಒಂದು ಹಳೇ ಕ್ಯಾಮೆರಾ ಕೂಡ ನನ್ನ ಹತ್ತಿರ ಇದೆ. ಎರಡಕ್ಕೂ ಹೊಂದುವ ಮಾತು ಬರೆಯುತ್ತೇನೆ.

ಮೊದಲು ಒಂದು ತಪ್ಪು ತಿಳಿವಳಿಕೆ. 'ನನ್ನ ಫೋನು ವಾಟರ್‌ಪ್ರೂಫು, ಏನೂ ಆಗಲ್ಲ' ಅನ್ನೋರು ಬಹಳ. ಪೆಟ್ಟಿಗೆ ಮೇಲೆ ಐಪಿ 67 ಅಂತ ಇದ್ದರೆ, ಹೊಸ ಫೋನನ್ನು ಒಂದು ಮೀಟರ್ ಆಳದ ಸಿಹಿನೀರಲ್ಲಿ 30 ನಿಮಿಷ ಇಟ್ಟು ಪರೀಕ್ಷಿಸಿದ್ದಾರೆ ಅಂತ ಅರ್ಥ. ನಾಲ್ಕು ಸಲ ಬಿದ್ದ, ಬ್ಯಾಟರಿ ಬದಲಿಸಲು ಬಿಚ್ಚಿ ಅಂಟಿಸಿದ ಫೋನಿಗೆ ಆ ಲೆಕ್ಕ ನಡೆಯೋದಿಲ್ಲ. ಔಷಧಿ ಹೊಡೆಯೋ ನೀರಿಗಂತೂ ಇಲ್ಲವೇ ಇಲ್ಲ. ನೀರು ಹೋಗಿ ಕೆಟ್ಟರೆ ಸಾಮಾನ್ಯವಾಗಿ ವಾರಂಟಿಯೂ ಬರೋದಿಲ್ಲ. ಹಲವು ಫೋನುಗಳ ಒಳಗೆ ನೀರು ತಾಗಿದರೆ ಕೆಂಪಾಗುವ ಸಣ್ಣ ಚೀಟಿ ಇರುತ್ತದೆ, ಸುಳ್ಳು ಹೇಳಿ ಪ್ರಯೋಜನವಿಲ್ಲ.

ಇನ್ನು ಕೊಪ್ಪೆ. ಗೊಬ್ಬರದ ಚೀಲದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಕ್ಕೆ ಮಡಿಸಿ ತಲೆಗೆ ಹಾಕುತ್ತೇವಲ್ಲ, ಅದೇ ಉಪಾಯ. ನೀರು ಮೇಲಿಂದ ಜಾರಿಹೋಗಬೇಕು, ಮುಂದೆ ಕಣ್ಣು ತೆರೆದಿರಬೇಕು, ಕೆಳಗಿನಿಂದ ಕೈ ಹೋಗಬೇಕು. ಕ್ಯಾಮೆರಾ ಹಿಡಿಯುವಷ್ಟು ದೊಡ್ಡ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಚೀಲ ತಗೊಳ್ಳಿ. ತಳದಲ್ಲಿ ಮಸೂರದ ಮೂತಿಗಿಂತ ಸ್ವಲ್ಪ ಚಿಕ್ಕ ತೂತು ಮಾಡಿ. ಮೂತಿಯನ್ನು ತೂತಿನಿಂದ ಹೊರಗೆ ತಂದು ಅಂಚನ್ನು ರಬ್ಬರ್ ಬ್ಯಾಂಡಿನಿಂದ ಬಿಗಿಯಿರಿ. ಚೀಲದ ಬಾಯಿ ನಿಮ್ಮ ಕಡೆಗೆ, ಕೆಳಮುಖವಾಗಿರಲಿ. ಅಲ್ಲಿಂದ ಎರಡೂ ಕೈ ಒಳಗೆ ಹಾಕಿ ಗುಂಡಿ ಒತ್ತಬಹುದು. ಮಸೂರದ ತುದಿಗೆ ಹುಡ್ ಹಾಕೋದನ್ನು ಮರೆಯಬೇಡಿ. ಬಿಸಿಲಿಗೆ ಅಂತ ಕೊಟ್ಟದ್ದು, ಆದರೆ ಓರೆಯಾಗಿ ಬೀಳೋ ಹನಿಗೆ ಅದೇ ಸೂರು. ಒಟ್ಟು ಖರ್ಚು ಹತ್ತು ರೂಪಾಯಿ ದಾಟೋದಿಲ್ಲ. ಟೊಮೆಟೊ ಬೆಳೆಗಾರರ ಮನೇಲಿ ಮಲ್ಚಿಂಗ್ ಹಾಳೆಯ ತುಂಡು ಬೇಕಾದಷ್ಟು ಬಿದ್ದಿರುತ್ತದೆ. ಬಳಸಿದ್ದಲ್ಲ, ಹೊಸ ತುಂಡು ಸಿಕ್ಕರೆ ಮೇಲೊಂದು ಹೊದಿಕೆಯಾಗಿ ಹಾಕಬಹುದು. ಆದರೆ ಅದು ತೆಳು, ಮುಳ್ಳು ತಾಗಿದರೆ ಹರಿಯುತ್ತೆ, ಒಳಗಿನ ಗುಂಡಿಗಳೂ ಕಾಣೋದಿಲ್ಲ.

ಫೋನಿಗಾದರೆ ಜಿಪ್ ಇರೋ ಪಾರದರ್ಶಕ ಚೀಲ ಸಾಕು. ಮಸೂರದ ಎದುರು ಪ್ಲಾಸ್ಟಿಕ್ಕು ಸುಕ್ಕಿಲ್ಲದೆ ಅಂಟಿಕೊಂಡಿರಬೇಕು, ಇಲ್ಲದಿದ್ದರೆ ಚಿತ್ರ ಮಬ್ಬು.

ಯಾವ ಚೀಲ ಅನ್ನೋದರಲ್ಲಿ ನಾನು ಒಮ್ಮೆ ಎಡವಿದೆ. ನೀರಲ್ಲಿ ಕರಗೋ ಗೊಬ್ಬರದ ಚೀಲ ಗಟ್ಟಿಯಾಗಿರುತ್ತೆ, ಪುಕ್ಕಟೆ ಬೇರೆ. ಕೊಡವಿ ಬಳಸಿದೆ. ಕೆಲವು ದಿನ ಬಿಟ್ಟು ನೋಡಿದರೆ ಒಳಗೆಲ್ಲ ಜಿಗಿ ಜಿಗಿ. ಫ್ಲ್ಯಾಶ್ ಸಿಕ್ಕಿಸೋ ಲೋಹದ ಜಾಗ ಹಸಿರುಗಟ್ಟಿತ್ತು. ಆಮೇಲೆ ಹೊಳೆಯಿತು. ಕ್ಯಾಲ್ಸಿಯಂ ನೈಟ್ರೇಟು ಚೀಲ ಬಿಚ್ಚಿಟ್ಟರೆ ಗಾಳಿಯ ತೇವ ಕುಡಿದು ನೀರಾಗೋದನ್ನು ನಾವು ನೋಡೇ ಇದ್ದೀವಿ. ಮಡಿಕೆಯಲ್ಲಿ ಉಳಿದ ಅದೇ ಉಪ್ಪು ಕ್ಯಾಮೆರಾದ ಪಕ್ಕ ಕೂತು ನೀರು ಕರೆಯುತ್ತಿತ್ತು. ಬರೀ ಮಳೆನೀರಿಗಿಂತ ಉಪ್ಪುನೀರು ಲೋಹಕ್ಕೂ ವಿದ್ಯುತ್ತಿನ ಭಾಗಗಳಿಗೂ ಹೆಚ್ಚು ಕೆಟ್ಟದ್ದು. ಗೊಬ್ಬರದ ಚೀಲ, ಔಷಧಿಯ ಕವರು ಎರಡೂ ಬೇಡ. ಗೊಬ್ಬರದ ಚೀಲ ನಮ್ಮ ತಲೆಗೇ ಸರಿ.

ಹೊಲದಲ್ಲಿ ನಿಂತಾಗ ಬರೋ ತೊಂದರೆ ಬೇರೆ. ಒದ್ದೆ ಪರದೆ ಬೆರಳಿನ ಮಾತು ಕೇಳೋದಿಲ್ಲ. ಮುಟ್ಟಿದರೆ ಒಂದು, ಆಗೋದು ಇನ್ನೊಂದು. ಇದಕ್ಕೆ ಸುಲಭ ದಾರಿ: ಮನೇಲೇ ಕ್ಯಾಮೆರಾ ತೆರೆದುಕೊಂಡು ಹೋಗಿ, ಚಿತ್ರ ತೆಗೆಯಲು ಪಕ್ಕದ ಸದ್ದಿನ ಗುಂಡಿ ಒತ್ತಿ. ಬಹುತೇಕ ಫೋನುಗಳಲ್ಲಿ ಅದೇ ಕ್ಲಿಕ್ ಗುಂಡಿ ಆಗುತ್ತದೆ. ಚೀಲದ ಮೇಲಿಂದಲೂ ಒತ್ತಬಹುದು. ಜಾಗ ತೋರಿಸುವ ಲೊಕೇಶನ್ನನ್ನೂ ಮೊದಲೇ ಹಾಕಿಡಿ, ಮಳೆಯಲ್ಲಿ ಹುಡುಕೋಕಾಗಲ್ಲ.

ಒರೆಸಲು ಟವಲು ಬೇಡ. ನಮ್ಮ ಟವಲಿನಲ್ಲಿ ಬೆವರು, ಉಪ್ಪು, ಕೆಮ್ಮಣ್ಣು ಮೂರೂ ಇರುತ್ತೆ. ನಮ್ಮ ಕಡೆ ಮಣ್ಣಿನ ಮರಳು ಗಾಜಿನ ಮೇಲೆ ಉಜ್ಜಿದರೆ ಗೀರು ಬಿತ್ತು ಅಂತಲೇ ತಿಳಿಯಿರಿ. ಹಳೇ ಹತ್ತಿ ಪಂಚೆಯ ಮೆತ್ತನೆ ತುಂಡುಗಳನ್ನು ಒಗೆದು ಒಣಗಿಸಿ, ಸಣ್ಣ ಚೀಲದಲ್ಲಿ ಕಟ್ಟಿ ಒಳಜೇಬಿನಲ್ಲಿಟ್ಟುಕೊಳ್ಳಿ. ಒಂದು ಒದ್ದೆಯಾದರೆ ಇನ್ನೊಂದು. ಮೊದಲು ಮಣ್ಣು ಊದಿ ತೆಗೆದು ಆಮೇಲೆ ಹನಿಯನ್ನು ಒತ್ತಿ ಹೀರಿಸಬೇಕು, ತಿಕ್ಕಬಾರದು. ಬಾಯಲ್ಲಿ ಊದಿದರೆ ಎಂಜಲು ಹಾರುತ್ತೆ. ಔಷಧಿ ಅಂಗಡಿಯ ರಬ್ಬರ್ ಬುರುಡೆ ಒಳ್ಳೇದು.

ಕ್ಯಾಮೆರಾ ಇರೋರು ಮಳೆಯಲ್ಲಿ ಮಸೂರ ಬದಲಿಸಬೇಡಿ, ಕಾರ್ಡು ಬ್ಯಾಟರಿಯ ಮುಚ್ಚಳ ತೆಗೆಯಬೇಡಿ. ಮನೆ ಬಿಡೋ ಮೊದಲೇ ಪೂರ್ತಿ ಚಾರ್ಜು, ಖಾಲಿ ಕಾರ್ಡು. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ಜೊತೆಗೊಬ್ಬರು ಛತ್ರಿ ಹಿಡಿದರೆ ಅರ್ಧ ಕೆಲಸ ಮುಗಿದ ಹಾಗೆ. ನನ್ನ ಹೆಂಡತಿ ಛತ್ರಿ ಹಿಡಿದು, 'ಈ ಡಬ್ಬಿಗೆ ಛತ್ರಿ, ನಾನು ನೆನೀಬೇಕಾ?' ಅಂತ ಬೈದದ್ದೂ ಉಂಟು. ಆಲಿಕಲ್ಲಿನ ಚಿತ್ರಕ್ಕೆ ಪಕ್ಕದಲ್ಲಿ ಒಂದು ಬೆಂಕಿಪೊಟ್ಟಣ ಇಡಿ, ಗಾತ್ರ ಗೊತ್ತಾಗುತ್ತೆ.

ಆದರೆ ಗುಡುಗು ಕೇಳಿಸಿದರೆ ಇದೆಲ್ಲ ಬಿಡಿ. ಅಶ್ವಿನಿ, ಭರಣಿ ಮಳೆಗಳು ನಮ್ಮಲ್ಲಿ ಸಿಡಿಲಿನ ಜೊತೆಗೇ ಬರೋದು. ಬಯಲು ಹೊಲದಲ್ಲಿ ಛತ್ರಿ ಎತ್ತಿ ನಿಲ್ಲೋದು, ಮಾವಿನ ಮರದಡಿ ಸೇರೋದು ಎರಡೂ ಜೀವಕ್ಕೆ ಅಪಾಯ. ಪಕ್ಕಾ ಮನೆಯೊಳಗೆ ಹೋಗಿ, ಕೊನೇ ಗುಡುಗು ಕೇಳಿದ ಮೇಲೆ ಅರ್ಧ ಗಂಟೆ ಕಾಯಿರಿ. ಆಲಿಕಲ್ಲು ಕರಗಿದರೆ ಕರಗಲಿ.

ಇಷ್ಟಾದರೂ ನೀರು ಹೋಯಿತು ಅಂತಿಟ್ಟುಕೊಳ್ಳಿ. ತಕ್ಷಣ ಆಫ್ ಮಾಡಿ. ಕೆಲಸ ಮಾಡ್ತಾ ಇದೆಯಾ ಅಂತ ಮತ್ತೆ ಮತ್ತೆ ಆನ್ ಮಾಡಿ ನೋಡೋದೇ ಕೊಲೆ. ಬರೀ ನೀರಿಗಿಂತ, ನೀರಿನೊಳಗೆ ಕರೆಂಟು ಹರಿದಾಗಲೇ ಒಳಗಿನ ಲೋಹ ಬೇಗ ತಿಂದುಹೋಗೋದು. ಬಿಚ್ಚಲು ಬಂದರೆ ಬ್ಯಾಟರಿ, ಸಿಮ್ಮು, ಕಾರ್ಡು ತೆಗೆಯಿರಿ. ಚಾರ್ಜಿನ ತೂತು ಕೆಳಗೆ ಮಾಡಿ ಮೆಲ್ಲಗೆ ಅಂಗೈಗೆ ತಟ್ಟಿ. ನೆರಳಲ್ಲಿ ಫ್ಯಾನಿನ ಗಾಳಿಗೆ ಒಂದೆರಡು ದಿನ ಬಿಡಿ. ಒಲೆಯ ಕಟ್ಟೆ, ಬಿಸಿಲಿನ ಮಾಳಿಗೆ ಬೇಡ, ಅಂಟು ಬಿಡುತ್ತೆ. ಪೂರ್ತಿ ಒಣಗೋವರೆಗೆ ಚಾರ್ಜರ್ ಮುಟ್ಟಿಸಬೇಡಿ. ಅಕ್ಕಿಯ ಮಾತೂ ನಂಬಬೇಡಿ. ಬಿಚ್ಚು ಗಾಳಿಗಿಂತ ಅಕ್ಕಿ ಚುರುಕಾಗಿ ಒಣಗಿಸೋದಿಲ್ಲ, ಪುಡಿ ಒಳಗೆ ಸೇರೋದು ಲಾಭ. 2024ರಲ್ಲಿ ಐಫೋನಿನ ಆ್ಯಪಲ್ ಕಂಪನಿಯೇ ಅಕ್ಕಿಗೆ ಹಾಕಬೇಡಿ ಅಂತ ಹೇಳಿತು. ರಾಗಿಯ ವಿಷಯ ಅವರಿಗೆ ಗೊತ್ತಿಲ್ಲ, ನಾನು ಹೇಳಿದ್ದೇನೆ.

ಮಳೆಯಲ್ಲಿ ನೆನೆಯದ ಕ್ಯಾಮೆರಾವೂ ಮಳೆಗಾಲದಲ್ಲಿ ಕೆಡುತ್ತದೆ, ಇದು ಹಲವರಿಗೆ ಗೊತ್ತಿಲ್ಲ. ಗಾಳಿಯ ತೇವ ಬಹಳ ದಿನ ನೂರಕ್ಕೆ 60-65ಕ್ಕಿಂತ ಮೇಲಿದ್ದರೆ ಮಸೂರದೊಳಗೆ ಬೂಷ್ಟು ಹಿಡಿಯುತ್ತೆ. ಜೇಡರ ಬಲೆಯ ಎಳೆಯಂತೆ ಕಾಣುತ್ತೆ. ಒರೆಸಿ ತೆಗೆಸಿದರೂ ಗಾಜಿನ ಲೇಪ ತಿಂದ ಗುರುತು ಹೋಗೋದಿಲ್ಲ. ಬೇಸಿಗೆಯಲ್ಲಿ ನಮ್ಮ ಗಾಳಿ ಒಣ, ಭಯವಿಲ್ಲ. ಆದರೆ ಮುಳಬಾಗಿಲು, ಶ್ರೀನಿವಾಸಪುರದ ಕಡೆ ರೇಷ್ಮೆ ಇರೋ ಮನೆಗಳಲ್ಲಿ ಭದ್ರವಾದ ಜಾಗ ಅಂತ ಹುಳುಮನೆಯಲ್ಲೇ ಇಡೋರನ್ನು ಕಂಡಿದ್ದೇನೆ. ಚಾಕಿ ಹುಳುವಿಗೆ ನೂರಕ್ಕೆ 80-85 ತೇವ ಬೇಕು, ದೊಡ್ಡ ಹುಳುವಿಗೆ 70ರ ಆಸುಪಾಸು. ಹುಳುವಿಗೆ ಹಿತವಾದದ್ದು ಬೂಷ್ಟಿಗೂ ಹಿತ. ಮೇಲಾಗಿ ಸೋಂಕು ತೆಗೆಯಲು ಬ್ಲೀಚಿಂಗ್ ಪೌಡರ್ ಹೊಡೆಯುತ್ತೇವೆ, ಅದರ ಗಾಳಿ ಲೋಹ ತಿನ್ನುತ್ತೆ. ಹಾಸಿಗೆ ಒಣಗಿಸಲು ಎರಚೋ ಸುಣ್ಣದ ಪುಡಿಯನ್ನು ಕ್ಯಾಮೆರಾ ಒಣಗಿಸಲು ಬಳಸುವ ಯೋಚನೆಯೂ ಬೇಡ.

ಅದೇ ಹುಳುಮನೆಯ ತೇವಮಾಪಕವನ್ನು ಒಂದು ದಿನ ತಂದು ನೀವು ಕ್ಯಾಮೆರಾ ಇಡೋ ಕೋಣೆಯಲ್ಲಿ ತೂಗುಹಾಕಿ ನೋಡಿ. ನಮ್ಮ ನಡುಮನೆಯಲ್ಲಿ ಹಸ್ತ ಮಳೆ ಹಿಡಿದಾಗ 80 ತೋರಿಸಿತು. ಅಂದಿನಿಂದ ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತಿದ್ದೇನೆ. ನೀಲಿ ಹರಳು ತೇವ ಹೀರಿ ಗುಲಾಬಿಯಾದರೆ ಸಣ್ಣ ಉರಿಯಲ್ಲಿ ಹುರಿದು ಮತ್ತೆ ನೀಲಿಯಾಗಿಸಬಹುದು. ಅದರಲ್ಲಿ ಕೋಬಾಲ್ಟ್ ಎಂಬ ವಿಷ ಇದೆ. ಅಡುಗೆಯ ಬಾಣಲೆ ಬೇಡ, ಬೇರೆ ಹಳೇ ತಗಡು ಇರಲಿ, ಬಯಲಲ್ಲಿ ಹುರಿಯಿರಿ, ಮಕ್ಕಳಿಂದ ದೂರ ಇಡಿ. ಕಿತ್ತಳೆ ಬಣ್ಣದ್ದೂ ಸಿಗುತ್ತೆ, ತೇವ ಹೀರಿದರೆ ಹಸಿರಾಗುತ್ತೆ. ನಾನು ಈಗ ಅದನ್ನೇ ತರೋದು. ಒದ್ದೆ ಕ್ಯಾಮೆರಾವನ್ನು ಮಾತ್ರ ಡಬ್ಬಿಗೆ ಹಾಕಿ ಮುಚ್ಚಬೇಡಿ, ಮೊದಲು ಗಾಳಿಗೆ ಆರಲಿ.

ಬೆಂಗಳೂರಿನಿಂದ ಎಸಿ ಕಾರಿನಲ್ಲಿ ಮಾಲೂರಿನ ಹೂವಿನ ಪಾಲಿಹೌಸಿಗೆ ಬಂದ ಮಿತ್ರರೊಬ್ಬರು ಇಳಿದ ಕೂಡಲೇ ಕ್ಯಾಮೆರಾ ತೆಗೆದರು, ಗಾಜೆಲ್ಲ ಮಂಜು. ಒರೆಸಿದಷ್ಟೂ ಬರುತ್ತಿತ್ತು. ತಣ್ಣನೆ ಚೊಂಬಿನ ಹೊರಗೆ ನೀರು ಕೂರುತ್ತದಲ್ಲ, ಹಾಗೆ. ಇಳಿಯೋ ಮೊದಲೇ ಚೀಲದೊಳಗೆ ಕಟ್ಟಿ, ಹೊರಗೆ ಅರ್ಧ ಗಂಟೆ ಬಿಟ್ಟು ಆಮೇಲೆ ಬಿಚ್ಚಿದರೆ ಆ ನೀರು ಚೀಲದ ಮೇಲೆ ಕೂರುತ್ತೆ, ಗಾಜಿನ ಮೇಲಲ್ಲ.

ಈಗ ನಮ್ಮ ಮನೆ ಬಾಗಿಲ ಹಿಂದಿನ ಮೊಳೆಯಲ್ಲಿ ಎರಡು ಕೊಪ್ಪೆ ತೂಗುತ್ತವೆ. ದೊಡ್ಡದು ನನ್ನದು. ಚಿಕ್ಕದರೊಳಗೆ ಎರಡು ರಬ್ಬರ್ ಬ್ಯಾಂಡು, ನಾಲ್ಕು ತುಂಡು ಪಂಚೆ. ರಬ್ಬರು ವರ್ಷಕ್ಕೆ ಜೀರ್ಣವಾಗುತ್ತೆ, ಮುಂಗಾರಿಗೆ ಮೊದಲು ಎಳೆದು ನೋಡಿ ಬದಲಿಸುತ್ತೇನೆ.