ಮನೆಯಿಂದ ಹೊರಟ ಬೆಳಕಿಗೆ ಕಸುವು ತುಂಬಿದ ಕಥೆ

1987ರ ಸೆಪ್ಟೆಂಬರ್. ‘ಎಲೆಕ್ಟ್ರಾನಿಕ್ಸ್ ಲೆಟರ್ಸ್’ ಎಂಬ ಬ್ರಿಟನ್ನಿನ ಪತ್ರಿಕೆಯಲ್ಲಿ ಸೌತಾಂಪ್ಟನ್ ವಿಶ್ವವಿದ್ಯಾಲಯದ ನಾಲ್ವರು ಸೇರಿ ಮೂರು ಪುಟದ ಪ್ರಬಂಧವೊಂದನ್ನು ಪ್ರಕಟಿಸಿದರು. ಎರ್ಬಿಯಂ ಎಂಬ ವಿರಳ ಧಾತುವನ್ನು ಚೂರೇ ಚೂರು ಬೆರೆಸಿದ ಗಾಜಿನ ಎಳೆಯೊಳಗೆ ಸೊರಗಿದ ಬೆಳಕನ್ನು ಹಾಯಿಸಿದರೆ ಅದು ಬಲಿತು ಹೊರಬರುತ್ತದೆ, ನಡುವೆ ಅದನ್ನು ವಿದ್ಯುತ್ತಾಗಿ ಬದಲಿಸುವ ಗೊಡವೆಯೇ ಇಲ್ಲ ಎಂಬುದು ಅದರ ತಿರುಳು. ಲೇಖಕರ ಸಾಲಿನಲ್ಲಿ ಕೊನೆಯ ಹೆಸರು ಡಿ.ಎನ್. ಪೇನ್. ಎರಡು ತಿಂಗಳ ಬಳಿಕ ಅದೇ ಪತ್ರಿಕೆಯಲ್ಲಿ ಬ್ರಿಟಿಷ್ ಟೆಲಿಕಾಂ ಸಂಶೋಧಕರ ಇನ್ನೊಂದು ಪ್ರಬಂಧ ಬಂತು. ಟೆಲಿಫೋನ್ ಎಕ್ಸ್‌ಚೇಂಜಿನಿಂದ ಒಂದೇ ಒಂದು ಫೈಬರ್ ಎಳೆದು, ಬೀದಿಯಲ್ಲಿ ಅದನ್ನು ಕವಲೊಡೆಸಿ, ಹತ್ತಾರು ಮನೆಗಳಿಗೆ ಹಂಚಬಹುದು. ನಡುವೆ ಎಲ್ಲಿಯೂ ಕರೆಂಟು ಬೇಡ ಎಂದು ಅದು ಹೇಳಿತು. ಅದರ ಲೇಖಕರಲ್ಲೊಬ್ಬರು ಡಿ.ಬಿ. ಪೇನ್. ಇಬ್ಬರೂ ಡೇವಿಡ್‌ಗಳೇ, ಇಬ್ಬರೂ ಪೇನ್‌ಗಳೇ. ಆದರೆ ಆ ಪೇನ್ ಬೇರೆ, ಈ ಪೇನ್ ಬೇರೆ.

ಎರಡೂ ಶೋಧಗಳು ಒಂದಕ್ಕೊಂದು ಹೇಳಿ ಮಾಡಿಸಿದಂತಿದ್ದವು. ಕವಲೊಡೆದಷ್ಟೂ ಬೆಳಕು ಸೊರಗುತ್ತದೆ. ಸೊರಗಿದ ಬೆಳಕಿಗೆ ಕಸುವು ತುಂಬುವ ಸಾಧನವೂ ಅದೇ ವರ್ಷ ಹುಟ್ಟಿದೆ. ಇನ್ನೇನು ಬೇಕು? ಎಕ್ಸ್‌ಚೇಂಜಿನಿಂದ ಮನೆಗೆ ಟಿವಿ ಹೊತ್ತು ಬರುವ ದಾರಿಯಲ್ಲಿ ಅವು ನಿಜಕ್ಕೂ ಚೆನ್ನಾಗಿ ಹೊಂದಿಕೊಂಡವು. ಮನೆಯಿಂದ ಎಕ್ಸ್‌ಚೇಂಜಿಗೆ ಹೋಗುವ ದಾರಿಯಲ್ಲಿ ಮಾತ್ರ, ಅಂದರೆ ನೀವು ಫೋಟೊ ಕಳಿಸುವಾಗ, ವಿಡಿಯೊ ಕಾಲ್‌ನಲ್ಲಿ ಮಾತನಾಡುವಾಗ ಬಳಸುವ ಆ ಎದುರು ದಾರಿಯಲ್ಲಿ, ಎರ್ಬಿಯಂ ಕೈಕೊಟ್ಟಿತು. ಅಲ್ಲಿ ಕೆಲಸಕ್ಕೆ ಬಂದದ್ದು ಎರ್ಬಿಯಂನ ಅಬ್ಬರದಲ್ಲಿ ಮೂಲೆಗೆ ಸರಿದಿದ್ದ ಪುಟ್ಟದೊಂದು ಅರೆವಾಹಕ ಚಿಪ್ಪು.

ಬೆಂಗಳೂರಿನ ಅಪಾರ್ಟ್‌ಮೆಂಟಾಗಲಿ, ತಾಲ್ಲೂಕಿನ ಗ್ರಾಮ ಪಂಚಾಯಿತಿ ಕಚೇರಿಯಾಗಲಿ, ಇಂದು ಬರುವ ಫೈಬರ್ ಸಂಪರ್ಕದ ಬಹುಪಾಲು ಆ ನವೆಂಬರ್ ಪ್ರಬಂಧದ ವಂಶದ್ದೇ. ಎಕ್ಸ್‌ಚೇಂಜಿನಲ್ಲಿ ಓಎಲ್‌ಟಿ ಎಂಬ ಯಂತ್ರ, ಮನೆಯಲ್ಲಿ ಓಎನ್‌ಟಿ ಎಂಬ ಪೆಟ್ಟಿಗೆ, ನಡುವೆ ಕಂಬದ ಮೇಲೋ ಗೋಡೆಯ ಡಬ್ಬಿಯೊಳಗೋ ಬೆಳಕನ್ನು ಕವಲೊಡೆಸುವ ಸ್ಪ್ಲಿಟರ್. ಇಂಥ ಕವಲು ಜಾಲವನ್ನು ‘ಪಾನ್’ ಅನ್ನುತ್ತಾರೆ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಅದರ ಜಿಪಾನ್ ಮಾದರಿಗೆ 2003ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ, ಅಂದರೆ ಐಟಿಯು, ಮಾನದಂಡ ಬರೆಯಿತು. ಅದರ ಪ್ರಕಾರ ಮನೆಗೆ ಬರುವ ಬೆಳಕು 1490 ನ್ಯಾನೋಮೀಟರ್ ತರಂಗಾಂತರದ್ದು, ಮನೆಯಿಂದ ಹೋಗುವ ಬೆಳಕು 1310ರದ್ದು. ಎರಡೂ ಒಂದೇ ಎಳೆಯಲ್ಲಿ ಎದುರುಬದುರು ಸಾಗುತ್ತವೆ, ಬೆರೆಯುವುದಿಲ್ಲ.

ಮನೆಗೆ ಬರುವ ಬೆಳಕು 32 ಕವಲುಗಳಲ್ಲಿ ಹಂಚಿಹೋಗುವುದರಿಂದ ಪ್ರತಿ ಮನೆಗೂ ಮೂವತ್ತೆರಡರಲ್ಲಿ ಒಂದು ಪಾಲು ಸಿಗುತ್ತದೆ. ಇದು ಯಾರಿಗೂ ಅರ್ಥವಾಗುವ ಲೆಕ್ಕ. ಆದರೆ ಮನೆಯಿಂದ ಹೊರಟ ಬೆಳಕು? ಅದು ಹೋಗುವುದು ಒಂದೇ ಕಡೆಗೆ, ಹಂಚಿಕೊಳ್ಳುವವರು ಯಾರೂ ಇಲ್ಲ. ಆದ್ದರಿಂದ ನಷ್ಟವೂ ಇರಬಾರದು ಅನ್ನಿಸುತ್ತದೆ. ಭೌತವಿಜ್ಞಾನ ಹಾಗೆ ಬಿಡುವುದಿಲ್ಲ. ಸ್ಪ್ಲಿಟರ್ ಎಂದರೆ ಎರಡು ಎಳೆಗಳು ಕೂಡುವ ಸಂಗಮಗಳ ಸರಪಳಿ. ಇಳಿಯುವಾಗ ಅಂಥ ಪ್ರತಿ ಸಂಗಮದಲ್ಲಿ ಬೆಳಕು ಅರ್ಧಕ್ಕೆ ಇಳಿದರೆ ಏರುವಾಗಲೂ ಅರ್ಧಕ್ಕೇ ಇಳಿಯಬೇಕು. ಉಳಿದರ್ಧ ಯಾರೂ ಬಳಸದ ಇನ್ನೊಂದು ತುದಿಗೋ ಗಾಜಿನ ಹೊರಪದರಕ್ಕೋ ಸೋರಿಹೋಗುತ್ತದೆ. ಐದು ಸಂಗಮ ದಾಟುವಷ್ಟರಲ್ಲಿ ಉಳಿಯುವುದು ಅದೇ ಮೂವತ್ತೆರಡರ ಒಂದು ಪಾಲು. ಡೆಸಿಬೆಲ್ (ಡಿಬಿ) ಲೆಕ್ಕದಲ್ಲಿ 15, ಬಳಕೆಯಲ್ಲಿ 17ರ ಹತ್ತಿರ. ಅದರ ಮೇಲೆ 1310ರ ಬೆಳಕು ಗಾಜಿನಲ್ಲಿ ಕಿಲೋಮೀಟರಿಗೆ ಸುಮಾರು 0.35 ಡಿಬಿ ಕಳೆದುಕೊಳ್ಳುತ್ತದೆ. 20 ಕಿಲೋಮೀಟರಿಗೆ 7 ಡಿಬಿ. ಎಳೆಗಳನ್ನು ಬೆಸೆದ ಕಡೆ ಒಂದಿಷ್ಟು, ಕನೆಕ್ಟರಿನ ಧೂಳಿಗೆ ಇನ್ನೊಂದಿಷ್ಟು. ಹೆಚ್ಚು ಬಳಕೆಯಲ್ಲಿರುವ ‘ಬಿ ಪ್ಲಸ್’ ದರ್ಜೆಯ ಮಿತಿ 28 ಡಿಬಿ. ಅಂದರೆ ಹೊರಟದ್ದರಲ್ಲಿ ಸುಮಾರು ಆರುನೂರ ಮೂವತ್ತರಲ್ಲಿ ಒಂದು ಪಾಲು ತಲುಪಿದರೂ ಕೆಲಸ ನಡೆಯಬೇಕು. ಮನೆಯ ಲೇಸರ್ ಒಂದೆರಡು ಮಿಲಿವಾಟಿನದು. ಓಎಲ್‌ಟಿ ಓದಬೇಕಾದದ್ದು ಒಂದೂವರೆ ಮೈಕ್ರೋವಾಟಿನಷ್ಟು ಮಿನುಗನ್ನು.

ಹಾಗಾದರೆ ನಡುವೆ ಎರ್ಬಿಯಂ ವರ್ಧಕ ಇಟ್ಟರಾಯಿತಲ್ಲ? ಅದರ ಕೀರ್ತಿ ಆಗಲೇ ಸಾಗರದಾಚೆಗೂ ಹಬ್ಬಿತ್ತು. 1988ರಲ್ಲಿ ಅಟ್ಲಾಂಟಿಕ್ ದಾಟಿದ ಮೊದಲ ಫೈಬರ್ ಕೇಬಲ್ ಟಿಎಟಿ-8ರಲ್ಲಿ ಬೆಳಕನ್ನು ವಿದ್ಯುತ್ತು ಮಾಡಿ ಮತ್ತೆ ಬೆಳಕು ಮಾಡುವ ರಿಪೀಟರುಗಳಿದ್ದವು. 1990ರ ದಶಕದ ನಡುವಿನಲ್ಲಿ ಬಂದ ಟಿಎಟಿ-12/13 ಮತ್ತು ಟಿಪಿಸಿ-5 ಕೇಬಲ್‌ಗಳಲ್ಲಿ ಆ ಜಾಗವನ್ನು ಎರ್ಬಿಯಂ ಹಿಡಿದಿತ್ತು. ನಮ್ಮ ಊರುಗಳ ಕೇಬಲ್ ಆಪರೇಟರುಗಳಿಗೂ ಇದು ಹೊಸದಲ್ಲ. ಫೈಬರಿನಲ್ಲಿ ಟಿವಿ ಕೊಡುವವರ ಕಂಟ್ರೋಲ್ ರೂಮಿನ ರ‍್ಯಾಕಿನಲ್ಲಿ ‘ಇಡಿಎಫ್‌ಎ’ ಎಂಬ ಪೆಟ್ಟಿಗೆ ಇರುತ್ತದೆ. ಅದೇ ಎರ್ಬಿಯಂ ವರ್ಧಕ. 1550 ನ್ಯಾನೋಮೀಟರಿನ ಟಿವಿ ಬೆಳಕನ್ನು ಅದು ಹಿಗ್ಗಿಸಿ ಹಲವು ತುದಿಗಳಿಗೆ ಹಂಚುತ್ತದೆ. ಅದೇ ಪೆಟ್ಟಿಗೆಯಲ್ಲಿ ಇಂಟರ್‌ನೆಟ್ಟನ್ನೂ ಸೇರಿಸಿದ್ದರೆ ಆ ಬೆಳಕು ವರ್ಧಕವನ್ನು ಮುಟ್ಟದೆ ಪಕ್ಕದಿಂದ ಹಾದುಹೋಗುತ್ತದೆ. ಟಿವಿಗೆ ಸಿಕ್ಕ ಕಸುವು ನೆಟ್ಟಿಗೆ ಸಿಗುವುದಿಲ್ಲ.

ಮನೆಯಿಂದ ಹೋಗುವ ಬೆಳಕಿಗೆ ಎರ್ಬಿಯಂ ಒದಗದಿರಲು ಎರಡು ಕಾರಣ. ಮೊದಲನೆಯದು ತರಂಗಾಂತರ. ಎರ್ಬಿಯಂ ಪರಮಾಣು ಮುಖ್ಯವಾಗಿ 1530ರಿಂದ 1565ರ ಆಸುಪಾಸಿನ ಬೆಳಕಿಗೆ ಓಗೊಡುತ್ತದೆ. 1310 ಅದರ ಪಾಲಿಗೆ ಇಲ್ಲವೇ ಇಲ್ಲ. ಮನೆಯ ಪೆಟ್ಟಿಗೆಗೆ 1310 ಆರಿಸಿದ್ದೇಕೆ ಎಂದರೆ ಉತ್ತರ ದುಡ್ಡು. ಸಾಮಾನ್ಯ ಫೈಬರಿನಲ್ಲಿ ಆ ತರಂಗಾಂತರದ ಬಳಿ ಸಂಕೇತ ಚೆದುರುವುದು ಅತಿ ಕಡಿಮೆ, ಆದ್ದರಿಂದ ಅಷ್ಟೇನೂ ನಿಖರವಲ್ಲದ ಅಗ್ಗದ ಲೇಸರೂ ಸಾಕಾಗುತ್ತದೆ. ಓಎಲ್‌ಟಿ ಒಂದಕ್ಕೆ ಎಷ್ಟು ಖರ್ಚಾದರೂ ಹತ್ತಾರು ಗ್ರಾಹಕರಲ್ಲಿ ಹಂಚಿಹೋಗುತ್ತದೆ. ಮನೆಯ ಪೆಟ್ಟಿಗೆಯಲ್ಲಿ ಉಳಿಸಿದ ನೂರು ರೂಪಾಯಿ ಲಕ್ಷಾಂತರ ಮನೆಗಳಿಂದ ಗುಣಿಸಿಕೊಳ್ಳುತ್ತದೆ. ಎಂಜಿನಿಯರುಗಳ ಈ ಜಾಣ ಉಳಿತಾಯವೇ ಎರ್ಬಿಯಂಗೆ ಬಾಗಿಲು ಹಾಕಿತು.

1310ಕ್ಕೇ ಓಗೊಡುವ ಧಾತು ಇಲ್ಲವೆಂದಲ್ಲ. ಪ್ರೇಸಿಯೋಡೈಮಿಯಂ ಇದೆ. 1990ರ ದಶಕದ ಆರಂಭದಲ್ಲಿ ಜಪಾನಿನ ಎನ್‌ಟಿಟಿ ಮತ್ತು ಬ್ರಿಟಿಷ್ ಟೆಲಿಕಾಂ ಪ್ರಯೋಗಾಲಯಗಳು ಅದರಿಂದ ವರ್ಧಕ ಕಟ್ಟಿದವು. ತೊಡಕು ಗಾಜಿನದಾಯಿತು. ಮಾಮೂಲಿ ಸಿಲಿಕಾ ಗಾಜಿನಲ್ಲಿ ಪ್ರೇಸಿಯೋಡೈಮಿಯಂ ತನ್ನ ಚೈತನ್ಯವನ್ನೆಲ್ಲ ಶಾಖವಾಗಿ ಕಳೆದುಕೊಳ್ಳುತ್ತದೆ. ಫ್ರಾನ್ಸಿನ ರೆನ್ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ಕಂಡುಹಿಡಿದಿದ್ದ ಫ್ಲೋರೈಡ್ ಗಾಜೇ ಅದಕ್ಕೆ ಬೇಕು. ಆ ಗಾಜೋ ಬೇಗ ಮುರಿಯುತ್ತದೆ, ತೇವಕ್ಕೆ ಹಾಳಾಗುತ್ತದೆ, ಸಾಮಾನ್ಯ ಫೈಬರಿಗೆ ಬೆಸೆಯಲು ಒಪ್ಪುವುದಿಲ್ಲ. ಬೀದಿಬದಿಯ ಪೆಟ್ಟಿಗೆಯಲ್ಲಿ ಬಾಳುವ ವಸ್ತು ಅದಲ್ಲ.

ಎರಡನೆಯ ಕಾರಣ ಇನ್ನೂ ಗಹನವಾದದ್ದು. ಮಾನದಂಡ ಬದಲಿಸಿ ಮನೆಯ ಲೇಸರನ್ನು 1550ಕ್ಕೆ ತಂದರೂ ಅದು ಬಗೆಹರಿಯುವುದಿಲ್ಲ. ಮನೆಗಳೆಲ್ಲ ಒಂದೇ ಎಳೆಯಲ್ಲಿ ಒಟ್ಟಿಗೆ ಮಾತನಾಡುವಂತಿಲ್ಲ. ಓಎಲ್‌ಟಿ ಸರದಿ ಗೊತ್ತುಮಾಡುತ್ತದೆ, ಪ್ರತಿ ಮನೆಯೂ ತನ್ನ ಸರದಿಯಲ್ಲಿ ಕೆಲವೇ ಮೈಕ್ರೋಸೆಕೆಂಡು ಬೆಳಗಿ ಸುಮ್ಮನಾಗುತ್ತದೆ. ಶಾಲೆಯಲ್ಲಿ ಹಾಜರಿ ಕರೆದ ಹಾಗೆ: ಮುಂದಿನ ಬೆಂಚಿನವನ ‘ಎಸ್ ಸಾರ್’ ಕಿವಿಗೆ ಅಪ್ಪಳಿಸುತ್ತದೆ, ಕೊನೆಯ ಬೆಂಚಿನವನದು ಕೇಳಿಯೂ ಕೇಳದಂತೆ ಬರುತ್ತದೆ, ನಡುವೆ ಒಬ್ಬ ಗೈರುಹಾಜರಾದರೆ ಮೌನ. ಹತ್ತಿರದ ಮನೆಗೂ ದೂರದ ಮನೆಗೂ 15 ಡಿಬಿ, ಎಂದರೆ ಮೂವತ್ತು ಪಟ್ಟಿಗೂ ಹೆಚ್ಚು ಅಂತರವಿರಲು ಜಿಪಾನ್ ಅವಕಾಶ ಕೊಡುತ್ತದೆ.

ಎರ್ಬಿಯಂಗೆ ಈ ಏರಿಳಿತ ಒಗ್ಗುವುದಿಲ್ಲ. ವರ್ಧಕಕ್ಕೆ ಕಸುವು ಊಡುವ ‘ಪಂಪ್’ ಲೇಸರಿನಿಂದ ಚೈತನ್ಯ ಪಡೆದ ಎರ್ಬಿಯಂ ಪರಮಾಣು ಅದನ್ನು ಸುಮಾರು 10 ಮಿಲಿಸೆಕೆಂಡ್ ಹಿಡಿದಿಟ್ಟುಕೊಳ್ಳುತ್ತದೆ. ಸಮುದ್ರದ ಕೇಬಲಿನಲ್ಲಿ ಇದೇ ಅದರ ದೊಡ್ಡ ಗುಣ: ಬೆಳಕು ಎಡೆಬಿಡದೆ ಹರಿಯುವುದರಿಂದ ಒಂದೊಂದು ಬಿಟ್‌ನ ಏರಿಳಿತಕ್ಕೆ ವರ್ಧಕ ಅಲುಗದೆ ನಿಲ್ಲುತ್ತದೆ. ಬೀದಿಯ ಜಾಲದಲ್ಲಿ ಅದೇ ಗುಣ ದೋಷವಾಯಿತು. ಜಿಪಾನಿನ ಒಂದು ಚೌಕಟ್ಟಿನ ಅವಧಿ 125 ಮೈಕ್ರೋಸೆಕೆಂಡ್. ಕೆಲಹೊತ್ತು ಯಾರೂ ಮಾತನಾಡದಿದ್ದರೆ ಎರ್ಬಿಯಂನಲ್ಲಿ ಚೈತನ್ಯ ಪೇರುತ್ತಾ ಹೋಗುತ್ತದೆ. ಮುಂದೆ ಮಾತನಾಡಿದ ಮನೆಯ ಸಂಕೇತದ ತಲೆಭಾಗ ವಿಪರೀತ ಉಬ್ಬಿ, ಬಾಲ ಸೊರಗಿ ಹೊರಬರುತ್ತದೆ. ಒಬ್ಬರ ಮಾತಿನ ಗಟ್ಟಿತನ ಹಿಂದೆ ಮಾತನಾಡಿದವರು ಯಾರು ಎಂಬುದನ್ನು ಅವಲಂಬಿಸಿಬಿಡುತ್ತದೆ. ಬೇರೊಂದು ತರಂಗಾಂತರದ ಬೆಳಕನ್ನು ಜೊತೆಗೆ ಹಾಯಿಸಿ ವರ್ಧಕವನ್ನು ಸ್ಥಿರವಾಗಿಡುವ ಉಪಾಯಗಳು ಬಂದವು, ಫಲಿಸಿದವು ಕೂಡ. ಆದರೆ ಖರ್ಚು ಏರಿತು.

ಇಲ್ಲಿಗೆ ಬಂದದ್ದು ಅರೆವಾಹಕ ವರ್ಧಕ. ಈ ಕ್ಷೇತ್ರದವರು ‘ಎಸ್‌ಒಎ’ ಅನ್ನುತ್ತಾರೆ. ಲೇಸರ್ ಡಯೋಡಿನ ಎರಡು ತುದಿಗಳು ಕನ್ನಡಿಯ ಕೆಲಸ ಮಾಡುತ್ತವೆ. ಆ ತುದಿಗಳಿಗೆ ಪ್ರತಿಫಲನ ತಡೆಯುವ ಲೇಪ ಹಚ್ಚಿದರೆ ಲೇಸರ್ ಹೋಗಿ ವರ್ಧಕವಾಗುತ್ತದೆ. ಒಂದು ಮಿಲಿಮೀಟರಿನಷ್ಟೋ ಅದಕ್ಕೂ ಕಡಿಮೆಯೋ ಉದ್ದದ ಚಿಪ್ಪು. 1980ರ ದಶಕದಲ್ಲಿ ಎನ್‌ಟಿಟಿ ಮತ್ತು ಬ್ರಿಟಿಷ್ ಟೆಲಿಕಾಂ ಇದರ ಮೇಲೆ ಸಾಕಷ್ಟು ದುಡಿದಿದ್ದವು, ನಾಳಿನ ವರ್ಧಕ ಇದೇ ಎಂಬ ನಿರೀಕ್ಷೆಯೂ ಇತ್ತು. ಎರ್ಬಿಯಂ ಬಂದದ್ದೇ ತಡ, ಎಸ್‌ಒಎಯ ಕುಂದುಗಳೆಲ್ಲ ಎದ್ದು ಕಂಡವು. ಗದ್ದಲ ಹೆಚ್ಚು. ಫೈಬರಿನಿಂದ ಚಿಪ್ಪಿಗೆ, ಚಿಪ್ಪಿನಿಂದ ಫೈಬರಿಗೆ ದಾಟುವಾಗ ಬೆಳಕು ಸೋರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಅದರ ಪ್ರತಿಕ್ರಿಯೆ ಅತಿ ಚುರುಕು: ಚೈತನ್ಯ ಬರಿದಾಗಿ ಮತ್ತೆ ತುಂಬಿಕೊಳ್ಳುವುದು ನ್ಯಾನೋಸೆಕೆಂಡಿನ ಆಸುಪಾಸಿನಲ್ಲೇ ಮುಗಿಯುತ್ತದೆ. ಅನೇಕ ತರಂಗಾಂತರಗಳನ್ನು ಒಟ್ಟಿಗೆ ಹಾಯಿಸಿದರೆ ಒಂದರ ಏರಿಳಿತ ಇನ್ನೊಂದಕ್ಕೆ ಅಂಟುತ್ತದೆ. ದೂರಸಾಗಣೆಯವರು ಅದನ್ನು ಬದಿಗಿಟ್ಟರು.

ಆ ಚುರುಕೇ ಮನೆಯಿಂದ ಹೋಗುವ ದಾರಿಗೆ ಬೇಕಾಗಿದ್ದ ಗುಣ. ಹಿಂದಿನ ಮನೆಯ ನೆನಪು ಮುಂದಿನ ಮನೆಯ ಸರದಿ ಬರುವಷ್ಟರಲ್ಲಿ ಅಳಿಸಿಹೋಗಿರುತ್ತದೆ. ಅರೆವಾಹಕದ ಮಿಶ್ರಣ ಬದಲಿಸಿದರೆ 1310ಕ್ಕೂ ಹೊಂದುತ್ತದೆ. ಕರೆಂಟು ಕೊಟ್ಟರೆ ಉರಿಯುತ್ತದೆ, ತೆಗೆದರೆ ಆರುತ್ತದೆ, ಅದೂ ನ್ಯಾನೋಸೆಕೆಂಡುಗಳಲ್ಲಿ. ಈ ಕೊನೆಯ ಗುಣವನ್ನು ಸೊಗಸಾಗಿ ದುಡಿಸಿಕೊಂಡದ್ದು 1990ರ ದಶಕದ ಉತ್ತರಾರ್ಧದ ಯುರೋಪಿನ ‘ಪ್ಲಾನೆಟ್’ ಯೋಜನೆ. 100 ಕಿಲೋಮೀಟರ್ ದೂರ, 2048 ಕವಲು: ‘ಸೂಪರ್‌ಪಾನ್’ ಎಂದು ಅದಕ್ಕೆ ಹೆಸರು. ಅಷ್ಟು ಕವಲುಗಳಿಗೆ ಹಲವು ವರ್ಧಕಗಳು ಬೇಕು, ಪ್ರತಿ ವರ್ಧಕವೂ ಸಂಕೇತ ಇಲ್ಲದಾಗಲೂ ತನ್ನಷ್ಟಕ್ಕೆ ಒಂದಿಷ್ಟು ಬೆಳಕು ಚೆಲ್ಲುತ್ತದೆ, ಆ ಎಲ್ಲ ಗದ್ದಲ ಕೂಡಿ ಎಕ್ಸ್‌ಚೇಂಜಿನತ್ತ ಹರಿಯುತ್ತದೆ. ಅದಕ್ಕೆ ಅವರು ಮಾಡಿದ್ದು ಇಷ್ಟೆ: ಯಾವ ಕವಲಿನಿಂದ ಸಂಕೇತ ಬರುತ್ತಿದೆಯೋ ಆ ಎಸ್‌ಒಎ ಮಾತ್ರ ಉರಿಯಲಿ, ಉಳಿದವು ಆರಿರಲಿ. ಇಡೀ ಕಥೆಯಲ್ಲಿ ನನಗೆ ಬಹಳ ಹಿಡಿಸಿದ ಉಪಾಯ ಇದು.

2000ದ ನಂತರ ಕವಲು ಜಾಲದ ಆ ಡೇವಿಡ್ ಪೇನ್ ಮತ್ತು ಸಂಗಡಿಗರು ಉದ್ದನೆಯ ಜಾಲದ ಈ ವಿಚಾರವನ್ನು ಇನ್ನಷ್ಟು ದೂರ ಎಳೆದರು. ಬ್ರಿಟನ್ನಿನಲ್ಲಿದ್ದದ್ದು ಐದು ಸಾವಿರಕ್ಕೂ ಹೆಚ್ಚು ಎಕ್ಸ್‌ಚೇಂಜುಗಳು. ಜಾಲದ ಉದ್ದ 100 ಕಿಲೋಮೀಟರಿಗೆ ಏರಿದರೆ ಅವುಗಳಲ್ಲಿ ಬಹುಪಾಲನ್ನು ಮುಚ್ಚಬಹುದಲ್ಲ? 10 ಗಿಗಾಬಿಟ್ ವೇಗದಲ್ಲಿ 1024 ಕವಲಿನ ಜಾಲವನ್ನು ಅವರ ತಂಡ ಪ್ರಯೋಗದಲ್ಲಿ ನಡೆಸಿಯೂ ತೋರಿಸಿತು. ಐಟಿಯು ಮನೆಯ ಲೇಸರಿಗೆ ಮೊದಲು ಕೊಟ್ಟಿದ್ದ 1260ರಿಂದ 1360ರವರೆಗಿನ ಸಡಿಲ ವ್ಯಾಪ್ತಿಯ ಜೊತೆಗೆ 2007ರಲ್ಲಿ ಇಕ್ಕಟ್ಟಿನ ವ್ಯಾಪ್ತಿಗಳನ್ನೂ ನಿಗದಿಪಡಿಸಿತು. ಇದು ಎಸ್‌ಒಎಗೆ ಅನುಕೂಲವಾಯಿತು, ಅದರ ಗದ್ದಲವನ್ನು ಕಿರಿದಾದ ಫಿಲ್ಟರಿನಿಂದ ಸೋಸಬಹುದಾಯಿತು. 2008ರಲ್ಲಿ ಜಿಪಾನನ್ನು 60 ಕಿಲೋಮೀಟರಿಗೆ ಹಿಗ್ಗಿಸುವ ಪೆಟ್ಟಿಗೆಗೆ ಜಿ.984.6 ಎಂಬ ಮಾನದಂಡವೂ ಬಂತು.

ಪೆಟ್ಟಿಗೆ ಮಾತ್ರ ಬೀದಿಗೆ ಹೆಚ್ಚು ಇಳಿಯಲಿಲ್ಲ. ನಡುವೆ ಕರೆಂಟು ಬೇಡದ ಜಾಲ ಎಂದೇ ಪಾನ್‌ಗೆ ಇಷ್ಟು ಬೆಲೆ. ದಾರಿಯಲ್ಲಿ ಕರೆಂಟು, ಬ್ಯಾಟರಿ, ಬೀಗ, ನೋಡಿಕೊಳ್ಳುವ ಜನ ಎಲ್ಲ ಬೇಕೆಂದ ಮೇಲೆ ಅಲ್ಲೇ ಸಣ್ಣದೊಂದು ಓಎಲ್‌ಟಿ ಇಡುವುದೇ ಲೇಸು ಎಂದು ಬಹಳ ಕಂಪನಿಗಳಿಗೆ ತೋರಿತು. ಅದು ತಪ್ಪು ಲೆಕ್ಕವೆಂದು ನನಗನ್ನಿಸುವುದಿಲ್ಲ. ನಮ್ಮ ಭಾರತ್‌ನೆಟ್ ತನ್ನ ಮೊದಲ ಹಂತದಲ್ಲಿ ಬ್ಲಾಕ್ ಕೇಂದ್ರದಿಂದ ಗ್ರಾಮ ಪಂಚಾಯಿತಿಗಳಿಗೆ ಜಿಪಾನ್ ಎಳೆದಾಗಲೂ ದಾರಿ ಮಧ್ಯೆ ಕರೆಂಟು ಬೇಡ ಎಂಬುದೇ ಅದರ ದೊಡ್ಡ ಆಕರ್ಷಣೆಯಾಗಿತ್ತು. ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ ಆ ತಂತ್ರಜ್ಞಾನದ ಸಲಕರಣೆ, ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನಂಥವರು ಪೂರೈಸಿದ ಸಲಕರಣೆ ಎಲ್ಲ ಈ ಜಾಲದಲ್ಲಿವೆ. ಮಲೆನಾಡಿನ ಪಂಚಾಯಿತಿಯೊಂದರ ದಾರಿಯಲ್ಲಿ, ಮಳೆಗಾಲದಲ್ಲಿ, ವರ್ಧಕದ ಡಬ್ಬಿಗೆ ಕರೆಂಟು ಉಳಿಸುವುದು ಎಂಥ ಪಾಡು ಎಂದು ಲೈನ್‌ಮನ್‌ಗಳನ್ನು ಕೇಳಬೇಕು.

ಬೀದಿಯಲ್ಲಿ ಜಾಗ ಸಿಗದ ವರ್ಧಕಕ್ಕೆ ಕೊನೆಗೆ ಎಕ್ಸ್‌ಚೇಂಜಿನೊಳಗೇ ಜಾಗ ಸಿಕ್ಕಿದೆ. ವೇಗ ಹೆಚ್ಚಿದಂತೆ ಒಂದೊಂದು ಬಿಟ್ಟಿನ ಪಾಲಿಗೆ ಬರುವ ಬೆಳಕು ಕಡಿಮೆಯಾಗುತ್ತದೆ. 25, 50 ಗಿಗಾಬಿಟ್‌ಗಳಲ್ಲಿ ಬರಿಯ ಫೋಟೊಡಯೋಡಿಗೆ ಅದನ್ನು ಓದುವುದು ಕಷ್ಟ. ಐಟಿಯು 2021ರಲ್ಲಿ ಮಾನದಂಡ ಕೊಟ್ಟ 50 ಗಿಗಾಬಿಟ್ ಪಾನ್‌ಗೆ ಓಎಲ್‌ಟಿ ರಿಸೀವರಿನ ಬಾಯಲ್ಲೇ ಎಸ್‌ಒಎ ಕೂರಿಸುವ ವಿನ್ಯಾಸಗಳು ಬಂದಿವೆ. 2022ರ ಐಇಇಇ 802.3ಸಿಎಸ್ ಮಾನದಂಡ ಸೂಪರ್‌ಪಾನ್ ಎಂಬ ಹಳೆಯ ಹೆಸರನ್ನೇ ಹೊತ್ತು ಬಂತು: 50 ಕಿಲೋಮೀಟರ್, 16 ತರಂಗಾಂತರ ಜೋಡಿ, ಒಂದೇ ಫೈಬರಿನಲ್ಲಿ 1024 ಮನೆ. ಅದರ ವರ್ಧಕಗಳೂ ಎಕ್ಸ್‌ಚೇಂಜಿನಲ್ಲೇ ಇರುತ್ತವೆ. ಬೀದಿಗೆ ಕರೆಂಟಿನ ಹಂಗಿಲ್ಲ.

ನಮ್ಮ ಮನೆಗಳ ಮಾಮೂಲಿ ಜಿಪಾನ್ ದಾರಿಯಲ್ಲಿ ಇಂಥ ಯಾವ ವರ್ಧಕವೂ ಇಲ್ಲ, 28 ಡಿಬಿಯೊಳಗೆ ಎಲ್ಲವೂ ನಡೆಯಬೇಕು. ದುರಸ್ತಿಗೆ ಬರುವ ಹುಡುಗನ ಕೈಯಲ್ಲಿರುವ ಪವರ್ ಮೀಟರ್ ಸಾಮಾನ್ಯವಾಗಿ ತೋರಿಸುವುದು ಮನೆಗೆ ಬರುವ ಬೆಳಕನ್ನು ಮಾತ್ರ. ಡೌನ್‌ಲೋಡ್ ಸರಿಯಿದ್ದು ವಿಡಿಯೊ ಕಾಲ್‌ನಲ್ಲಿ ನಿಮ್ಮ ದನಿ ಮಾತ್ರ ಆಚೆಯವರಿಗೆ ತುಂಡಾಗಿ ಕೇಳುತ್ತಿದ್ದರೆ, ವೈಫೈ ಸರಿಯಿದೆಯೆಂದು ಖಚಿತವಾದ ಮೇಲೆ, ಓಎಲ್‌ಟಿಯಲ್ಲಿ ನಿಮ್ಮ ಮನೆಯ ಬೆಳಕು ಎಷ್ಟು ಡಿಬಿ ತೋರಿಸುತ್ತಿದೆ ಎಂದು ಆಫೀಸಿಗೆ ಫೋನ್ ಮಾಡಿಸಿ ಕೇಳಿ.